ಕೊಸರಿಗೆ ಕೊಟ್ಟ ಶೇಂಗಾ ಉಂಡೆ

ಮೈಗೆ ಒಗ್ಗದಿದ್ದರೆ ಶೇಂಗಾ ತಿಂದು ಮನುಷ್ಯರು ಸಾಯಬಹುದೆಂದು ನಾನು ಮೊದಲು ಕೇಳಿದ್ದು ಆಕ್ಲೆಂಡಿನಲ್ಲಿ, ತಿನಿಸು ಮಾರುವವರಿಗೆ ಕೊಡುವ ತರಬೇತಿಯಲ್ಲಿ. ಗದಗಿನವಳಾದ ನನಗೆ ನಗು ಬಂತು. ಶೇಂಗಾ ಇಲ್ಲದ ಅಡುಗೆಮನೆಯನ್ನೇ ನಾನು ಕಂಡವಳಲ್ಲ. ಪ್ಯಾಕೆಟ್ಟಿನೊಳಗೆ ಇರುವುದನ್ನೆಲ್ಲ ಮೇಲೆ ಬರೆಯಬೇಕು, ವ್ಯಾಪಾರದ ಮೊದಲ ನಿಯಮವೇ ಅದು ಎಂದರು. ಗದಗಿನಲ್ಲಿ ಚುರುಮುರಿ ಅಂಗಡಿ ಇಟ್ಟಿರುವ ಅಪ್ಪನ ಮೊದಲ ನಿಯಮ ಬೇರೆ. ತೂಗಿದ ಮೇಲೆ ಕೊಸರೆಂದು ಒಂದಿಷ್ಟು ಹೆಚ್ಚಿಗೆ ಕೊಡಬೇಕು, ಗಿರಾಕಿ ಮತ್ತೆ ಬರುವುದು ಅದಕ್ಕೇ. ನಾನು ಎರಡನ್ನೂ ಪಾಲಿಸುವ ಜಾಣೆಯಾದೆ.

ಗಂಡ ಕೆಲಸಕ್ಕೆ ಹೋದರೆ ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯಲ್ಲಿ ಮಾತಿಗೆ ಯಾರೂ ಇರುತ್ತಿರಲಿಲ್ಲ. ಪರವಾನಗಿ ಪಡೆದು ಚಟ್ನಿಪುಡಿ ಮಾಡಿ ಮಾರತೊಡಗಿದ್ದು ಅರ್ಧ ಈ ಒಂಟಿತನಕ್ಕೆ. ಭಾನುವಾರ ಏವನ್‌ಡೇಲ್ ಸಂತೆಯಲ್ಲಿ, ಇಲ್ಲಿಯವರು ಟಾರೊ ಎನ್ನುವ ಕೆಸುವಿನ ಗಡ್ಡೆಗಳ ರಾಶಿಯ ಪಕ್ಕದಲ್ಲಿ ನಮ್ಮ ಮೇಜು.

ಒಂದು ಭಾನುವಾರ ಇಲ್ಲಿಯವಳೇ ಆದ ಒಬ್ಬ ಹೆಂಗಸು ಅಗಸಿ ಚಟ್ನಿಪುಡಿ ಕೊಂಡಳು. ಅವಳು ನನ್ನ ಗಂಡನೊಂದಿಗೆ ಮಾತಾಡುತ್ತಿದ್ದಾಗ, ಜೊತೆಗಿದ್ದ ಪುಟ್ಟ ಮಗಳ ಕೈಗೆ ನಾನು ಕೊಸರೆಂದು ಕಾಗದದಲ್ಲಿ ಸುತ್ತಿದ ಶೇಂಗಾ ಉಂಡೆಯೊಂದನ್ನು ಕೊಟ್ಟೆ. ಇಬ್ಬರೂ ಜನರ ನಡುವೆ ಮರೆಯಾದರು.

“ಆಕಿ ಮೂರು ಸಲ ಕೇಳಿದ್ಲು, ಇದ್ರಾಗ ಶೇಂಗಾ ಐತೇನು ಅಂತ,” ಎಂದ ಗಂಡ. “ಮಗಳಿಗೆ ಆಗಂಗಿಲ್ಲಂತ.”

ಗಡ್ಡೆಯ ಬುಟ್ಟಿಗಳನ್ನು ಎಡವುತ್ತ, ಯಾರ‍್ಯಾರನ್ನೋ ತಳ್ಳುತ್ತ ಓಡಿದೆ. ಎಷ್ಟು ಹೊತ್ತಾಯಿತು, ಮಗು ಆಗಲೇ ಕಚ್ಚಿರಬಹುದೇ, ಬೇರೇನೂ ತಲೆಯಲ್ಲಿರಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಮಗು ಕಾಗದ ಬಿಡಿಸಿ ಉಂಡೆಯನ್ನು ಬಾಯಿಗೆ ಒಯ್ಯುತ್ತಿತ್ತು. ಕಿತ್ತುಕೊಂಡೆ. ಮಗುವಿನ ಕೈಯಿಂದ ತಿನಿಸು ಕಿತ್ತದ್ದು ಜನ್ಮದಲ್ಲೇ ಮೊದಲು.

ಮಗು ಅತ್ತಿತು. ಸಿಟ್ಟಿನಿಂದ ತಿರುಗಿದ ತಾಯಿ ಉಂಡೆ ಕಂಡು ಬಿಳುಚಿಕೊಂಡಳು. ಮಗುವಿನ ಕೈ, ಬಾಯಿ ಒರೆಸಿದಳು. ಮಗು ಶೇಂಗಾ ತಿಂದುಬಿಟ್ಟರೆ ಚುಚ್ಚಲೆಂದು ಇಟ್ಟ ಮದ್ದಿನ ಪೆನ್ನನ್ನು ಚೀಲದಿಂದ ತೆಗೆದು ತೋರಿಸಿ, ಒಮ್ಮೊಮ್ಮೆ ಇದೂ ಸಾಲುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಚಟ್ನಿಪುಡಿಯನ್ನೂ ನನ್ನ ಕೈಗಿಟ್ಟು ಹೊರಟಳು.

ಆ ವಾರ ಫೋನಿನಲ್ಲಿ ಅಪ್ಪ ಕೇಳಿದರು, “ಕೊಸರು ಹಾಕ್ತಿ ಹೌದಿಲ್ಲೋ ಮಗಳ? ಕೈ ಬಿಗಿ ಹಿಡೀಬ್ಯಾಡ.”

“ಹಾಕ್ತೀನಪ್ಪಾ,” ಎಂದೆ.

ಈಗ ಯಾವ ಮಗು ಮೇಜಿನ ಮುಂದೆ ನಿಂತರೂ ಭಯವಾಗುತ್ತದೆ, ಎರಡೂ ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ. ಮೇಲೆ ಬರೆಯದ ಏನನ್ನೂ ಕೊಡುವುದಿಲ್ಲವೆಂದು ಇಲ್ಲಿಯವರು ನನ್ನನ್ನು ನಂಬತೊಡಗಿದ್ದಾರೆ. ಅಪ್ಪ ಹೀಗೆ ನಿಂತ ನನ್ನನ್ನು ಕಂಡರೆ, ಇವಳು ನನ್ನ ಮಗಳಲ್ಲ ಎಂದಾರು.