ನಿಂಬೆಹಣ್ಣು ಹಿಡಿದ ಶ್ರುತಿ

ನಮ್ಮ ಮನೆಯ ಚಪಾತಿ ಮಣೆಗಿಂತ ತುಸು ಉದ್ದ, ಅದಕ್ಕಿಂತ ತೆಳು, ಮೈಯೆಲ್ಲ ಕಪ್ಪು ರಬ್ಬರು. ಹೋದ ತಿಂಗಳು ಕೊರಿಯರಿನಲ್ಲಿ ಬಂದ ಈ ವಸ್ತುವನ್ನು ಕಂಡು ನನ್ನ ಹೆಂಡತಿ, ಇದು ಅಡುಗೆಮನೆಗೋ ದೇವರ ಕೋಣೆಗೋ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಮಿಡಿ ಕಂಟ್ರೋಲರ್ ಎಂಬ ಈ ಹಲಗೆಗೆ ತನ್ನದೆಂಬ ದನಿಯೇ ಇಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿದರೆ ನೀವು ಹೇಳಿದ ಜಾಗದಲ್ಲಿ ನೀವು ಹೇಳಿದ ಸ್ವರವನ್ನು ಕೂರಿಸಿಕೊಳ್ಳುತ್ತದೆ, ಮುಟ್ಟಿದರೆ ನುಡಿಯುತ್ತದೆ, ಒತ್ತಿದಷ್ಟೂ ದನಿ ತುಂಬಿಕೊಳ್ಳುತ್ತದೆ. ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ, ಐವತ್ತರ ಅಂಚಿನಲ್ಲಿ, ಕಾಲು ನೆಲದ ಮೇಲೆ ನಿಲ್ಲಲಿಲ್ಲ ಎಂದರೆ ನಗಬೇಡಿ ಗೆಳೆಯರೇ.

ತರಿಸಿದ್ದು ನನಗಲ್ಲ, ನನ್ನ ಗುರುಗಳಾದ ಕೊರಟಗೆರೆಯ ನಂಜುಂಡಯ್ಯ ಮೇಷ್ಟ್ರಿಗೆ. ನಮ್ಮ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರೆಂದರೆ ನುಡಿಸುವವರಷ್ಟೇ ಅಲ್ಲ, ಹಾಡು, ಮಾತು, ನಡಿಗೆ ಎಲ್ಲವನ್ನೂ ಕಲಿಸಿ ಪಾತ್ರಧಾರಿಗಳನ್ನು ದಡ ಮುಟ್ಟಿಸುವವರೂ ಅವರೇ. ಕಳೆದ ವರ್ಷ ಪಾರ್ಶ್ವವಾಯು ಅವರ ಎಡಗೈಯನ್ನು ಕಸಿದುಕೊಂಡಿತು. ಎಡಗೈ ತಿದಿ ಒತ್ತದಿದ್ದರೆ ಹಾರ್ಮೋನಿಯಂ ಉಸಿರಾಡದು. ನಲವತ್ತು ವರ್ಷದ ವಿದ್ಯೆಯನ್ನು ಹಿಡಿದ ಬಲಗೈ ಗಟ್ಟಿಮುಟ್ಟಾಗಿದ್ದೂ ಮಡಿಲಲ್ಲಿ ಸುಮ್ಮನೆ ಕೂತುಬಿಟ್ಟಿತು. ನಾನು ಕೀಬೋರ್ಡು ತಂದುಕೊಟ್ಟರೆ, ಇದಕ್ಕೆ ಉಸಿರಿಲ್ಲವೆಂದು ಪಕ್ಕಕ್ಕೆ ಸರಿಸಿದ್ದರು. ಈ ಹಲಗೆಯಲ್ಲಾದರೋ ತಿದಿಯ ಉಸಿರನ್ನು ಬೆರಳಿನ ಒತ್ತಿಗೇ ಒಪ್ಪಿಸಬಹುದು! ವಾರವಿಡೀ ಕೂತು ಅವರ ಬಲಗೈ ಚಾಚುವಷ್ಟೇ ಅಗಲಕ್ಕೆ ಸ್ವರಗಳನ್ನು ಜೋಡಿಸಿದೆ, ನಟ್ಟನಡುವೆ ಅಂಗೈಯಗಲದ ಷಡ್ಜ, ಎಂದರೆ ಸಾ.

ಮೇಷ್ಟ್ರು ಕಲಿಸುತ್ತಿದ್ದ ಕಳ್ಳಂಬೆಳ್ಳದ ನಾಟಕ ತಂಡ ಆಗಲೇ ಬೇರೆ ಮೇಷ್ಟ್ರನ್ನು ಗೊತ್ತುಮಾಡುವ ಮಾತಾಡಿತ್ತು. ಭಾನುವಾರದ ಟ್ರಯಲ್ಲಿನಲ್ಲಿ, ಎಂದರೆ ತಾಲೀಮಿನಲ್ಲಿ, ನಮ್ಮವರು ನುಡಿಸಿದರೆ ಸರಿ, ಇಲ್ಲವಾದರೆ ನಾಟಕ ಅವರ ಕೈತಪ್ಪಿದಂತೆಯೇ. ಅಂದು ಬೆಳಿಗ್ಗೆ ಆ ಊರ ಶಾಲೆಯ ಕೋಣೆಯಲ್ಲಿ ಹಲಗೆ ಇಟ್ಟು, ತಂತಿ ಸಿಕ್ಕಿಸಿ, ಮೇಷ್ಟ್ರನ್ನು ಕೂರಿಸಿದೆ. ವಾದ್ಯಪೂಜೆಯಿಲ್ಲದೆ ನಮ್ಮಲ್ಲಿ ಟ್ರಯಲ್ ಶುರುವಾಗುವುದುಂಟೇ? ರಾಜನ ಪಾತ್ರದ ರಂಗಪ್ಪ, ಸಿರಾದಲ್ಲಿ ಟೈಲರ್, ಊದುಬತ್ತಿ ಬೆಳಗಿ, ಕುಂಕುಮ ಹಚ್ಚಿದ ದಪ್ಪ ನಿಂಬೆಹಣ್ಣೊಂದನ್ನು ಭಕ್ತಿಯಿಂದ ಹಲಗೆಯ ಮಧ್ಯದಲ್ಲಿ, ಷಡ್ಜದ ಮೇಲೆಯೇ ಇಟ್ಟ. ಇಟ್ಟದ್ದೇ ತಡ, ಯಾರೂ ನುಡಿಸದ ವಾದ್ಯ ಹೋ ಎಂದು ನುಡಿಯತೊಡಗಿತು. ನಾನು ಹಣ್ಣಿಗೆ ಕೈಹಾಕಿದರೆ ಎಲ್ಲರೂ ತಡೆದರು. ಪೂಜೆಗಿಟ್ಟದ್ದನ್ನು ಟ್ರಯಲ್ ಮುಗಿಯುವ ಮುಂಚೆ ಎತ್ತುವ ಪದ್ಧತಿಯಿಲ್ಲ. ಹದಿನೈದು ವರ್ಷ ಮೇಷ್ಟ್ರ ಪಕ್ಕ ಕೂತವನು ನಾನು, ಬೆರಳಿನ ಲೆಕ್ಕವನ್ನಷ್ಟೇ ಹಾಕಿ ಪೂಜೆಯನ್ನೇ ಮರೆತಿದ್ದೆ. ಮುಟ್ಟುವುದಕ್ಕೂ ಒತ್ತುವುದಕ್ಕೂ ಸೂಕ್ಷ್ಮ ಭೇದವೆಣಿಸುವ ಆ ಜಾಣ ಹಲಗೆಗೆ ಭಕ್ತಿಯೂ ಒಂದು ಭಾರವೇ. ತಂಡದ ಹಿರಿಯರು ಮುಖ ಮುಖ ನೋಡಿಕೊಂಡರು. ನನ್ನ ಅತಿಬುದ್ಧಿಯೇ ಗುರುಗಳಿಗೆ ಮುಳುವಾಯಿತೆಂದುಕೊಂಡೆ.

ಮೇಷ್ಟ್ರು ಮಾತ್ರ ಕಣ್ಣುಮುಚ್ಚಿ ಆ ದನಿಯನ್ನು ಆಲಿಸುತ್ತಿದ್ದರು.

"ಇರ್ಲಿ ಬುಡಪ್ಪಾ, ಶ್ರುತಿ ಹಿಡ್ಕಂಡೈತೆ. ನಂಗೊಂದು ಸಾ ಪಕ್ಕದಾಗೆ ಹಾಕ್ಕೊಡು."

ಹಾರ್ಮೋನಿಯಮ್ಮಿನ ಸ್ವರದ ಮನೆಗಳನ್ನು ಹೀಗೆ ಕೂತಲ್ಲೇ ಕದಲಿಸಲಾದೀತೇ? ಲ್ಯಾಪ್‌ಟಾಪಿನಲ್ಲಿ ಎರಡೇ ನಿಮಿಷದಲ್ಲಿ ನಡುವಿನ ಜಾಗವನ್ನು ನಿಂಬೆಹಣ್ಣಿಗೇ ಬಿಟ್ಟುಕೊಟ್ಟು, ಅದರ ದನಿಯನ್ನು ಮೆಲ್ಲಗಾಗಿಸಿ, ಪಕ್ಕದಲ್ಲಿ ಹೊಸ ಷಡ್ಜ ಕೂರಿಸಿದೆ. ಮೇಷ್ಟ್ರ ಬೆರಳು ಇಳಿಯಿತು. ಮೊದಲು ಅಳುಕಿ, ಆಮೇಲೆ ಒತ್ತಿ, ಆಮೇಲೆ ಜಾರಿಸಿ ಅವರು ನುಡಿಸಿದಾಗ, ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಹೊರಬಂದದ್ದು ನನಗೋ ವಾದ್ಯಕ್ಕೋ ತಿಳಿಯಲಿಲ್ಲ. ಕೂಗಿ ಕುಣಿಯಬೇಕೆನಿಸಿತು, ವಿಜ್ಞಾನದ ಮೇಷ್ಟ್ರೆಂಬ ಮರ್ಯಾದೆಗೆ ಸುಮ್ಮನಿದ್ದೆ. ರಂಗಪ್ಪ ಮೀಸೆ ತಿರುವಿ ಪದ್ಯ ಎತ್ತಿಕೊಂಡ. ಎರಡನೇ ಸಾಲಿನಲ್ಲಿ ಅವನ ದನಿ ಎತ್ತಲೋ ಹೋಯಿತು. ಮೇಷ್ಟ್ರ ಕೈ ತಟ್ಟನೆ ನಿಂತಿತು.

"ಲೇ ರಂಗ, ನಿಂಬೆಹಣ್ಣೇ ಶ್ರುತಿ ಬುಟ್ಟಿಲ್ಲ, ನಿಂಗೇನ್ಲಾ ದಾಡಿ? ಮೊದ್ಲಿಂದ ಹೇಳು."

ಒಂದು ವರ್ಷದಿಂದ ಅವರ ಬಾಯಲ್ಲಿ ಬೈಸಿಕೊಂಡಿರದ ರಂಗಪ್ಪ, ಕಣ್ಣೊರೆಸಿಕೊಂಡು ಮೊದಲಿಂದ ಹೇಳಿದ.