ರಿಯರ್ ಅಂದರೆ ಬೆನ್ನು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಅಂಗಿ ಬಂದರೆ ಮೊದಲು ಕಾಲರ್, ಆಮೇಲೆ ತೋಳಿನ ಪಟ್ಟಿ, ತೋಳು, ಕೊನೆಗೆ ಬೆನ್ನು. ಈ ಕ್ರಮ ತಪ್ಪಿದ್ದನ್ನು ಕಂಡವರಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಾತೂ ಕಡಿಮೆ. ಅವಳ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಇಪ್ಪತ್ತೆರಡು ವರ್ಷ ಕೈಯಲ್ಲೇ ಮಾತಾಡಿ ರೂಢಿಯಾದವಳಿಗೆ ಬಾಯಿಮಾತು ಅಷ್ಟಾಗಿ ಬೇಕೆನಿಸುತ್ತಿರಲಿಲ್ಲ.

ಮಗಳು ಓದಿಕೊಂಡವಳು. ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ, ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಹಾಸ್ಟೆಲ್ಲಿನಲ್ಲಿ ವಾಸ. ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅದಕ್ಕೆಂದೇ ಇಸ್ತ್ರಿಯಕ್ಕ ವರ್ಷದ ಹಿಂದೆ ಒಂದು ಫೋನು ಕೊಂಡಿದ್ದಳು. ಅಂಗಡಿಯವನು ಪೆಟ್ಟಿಗೆಯ ಮೇಲೆ ಬೆರಳಿಟ್ಟು, ಇದರದ್ದು ರಿಯರ್ ಕ್ಯಾಮೆರಾ ಸೂಪರ್ ಎಂದಿದ್ದ. ಅವಳಿಗೆ ಕೇಳಿಸಿದ್ದು ‘ರಿಯಲ್ ಕ್ಯಾಮೆರಾ’ ಎಂದು. ರಿಯಲ್ ಅಂದರೆ ಅಸಲಿ ಎಂಬಷ್ಟು ಅವಳಿಗೆ ಗೊತ್ತಿತ್ತು. ಅಸಲಿ ಮಾಲು ಸಿಕ್ಕಿತೆಂದು ಎದೆಯುಬ್ಬಿಸಿಕೊಂಡು ಮನೆಗೆ ತಂದಳು. ಫೋನಿಗೆ ಮುಖದ ಕಡೆ ಒಂದು ಕಣ್ಣು, ಬೆನ್ನಿನ ಕಡೆ ಇನ್ನೊಂದು ಕಣ್ಣು ಇರುತ್ತದೆ, ಎರಡೂ ಒಂದೇ ಅಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಅದರ ಫಲ ಉಂಡವಳು ಮಗಳು. ಒಂದು ಸಂಜೆ ಅವಳು ಹೊಟ್ಟೆಯ ಬಲಭಾಗ ಒತ್ತಿ ಹಿಡಿದು, ನೋವು ಎಂದು ತೋರಿಸಿದಳು. ಅವರ ಮನೆಯ ಕೈಮಾತಿನಲ್ಲಿ ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟರೆ ಡಾಕ್ಟರು. ಅದೇ ಎರಡು ಬೆರಳನ್ನು ಅಂಗೈ ಮೇಲೆ ಒರಗಿಸಿದರೆ ಮಲಗು ಎಂದರ್ಥ. ಈಗಲೇ ಡಾಕ್ಟರ ಹತ್ತಿರ ಹೋಗು ಎಂದು ತಾಯಿ ಎರಡೆರಡು ಸಲ ಹೇಳಿದಳು. ಮಗಳು ಆಗಲಿ ಎಂದು ತಲೆಯಾಡಿಸಿದಳು. ಬೆಳಗ್ಗೆ ಹಾಸ್ಟೆಲ್ಲಿನ ವಾರ್ಡನ್ ಬಂದು ನೋಡುವ ಹೊತ್ತಿಗೆ ಅವಳ ಅಪೆಂಡಿಕ್ಸ್ ಒಡೆದಿತ್ತು.

ಜೀವ ಉಳಿಯಿತು. ಹೊಲಿಗೆ ಹಾಕಿಸಿಕೊಂಡು, ತಿಂಗಳ ರಜೆ ಮೇಲೆ ಮನೆಗೆ ಬಂದ ಮಗಳು ಒಂದು ದಿನ ನಗುನಗುತ್ತಲೇ ಕೇಳಿದಳು: ಅಷ್ಟು ನೋವಿದ್ದಾಗ ಮಲಗು ಅಂತ ಯಾಕೆ ಹೇಳಿದೆ?

ನಾನು ಹೇಳಿದ್ದು ಡಾಕ್ಟರ ಹತ್ತಿರ ಹೋಗು ಅಂತ ಎಂದು ಇಸ್ತ್ರಿಯಕ್ಕ ಮತ್ತೆ ಮಣಿಕಟ್ಟು ಮುಟ್ಟಿ ತೋರಿಸಿದಳು. ಇಬ್ಬರೂ ಆ ಹಳೆಯ ಫೋನನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಕೈಯಾಡಿಸಿ ನೋಡಿದರು. ಮುಖದ ಕಡೆಯ ಕಣ್ಣಿನಲ್ಲಿ ಬೆರಳುಗಳು ಗಂಜಿಯಂತೆ ಕಲಸಿಹೋಗುತ್ತಿದ್ದವು.

ಹೊಸ ಫೋನನ್ನು ನಾನೇ ಆರಿಸಿ ಕೊಡುತ್ತೇನೆ, ನೀನು ಸುಮ್ಮನಿರು ಎಂದಳು ಮಗಳು. ತಾಯಿ ಒಪ್ಪಲಿಲ್ಲ. ನೀನು ಹೋದ ಮೇಲೆ ಅದು ಕೆಟ್ಟರೆ ಅಂಗಡಿಗೆ ಹೋಗಿ ಜಗಳ ಆಡಬೇಕಾದವಳು ನಾನು, ಮಾತು ಗೊತ್ತಿಲ್ಲದೆ ಹೇಗೆ ಜಗಳ ಆಡಲಿ ಎಂದಳು.

ಹಾಗೆ ಪಾಠ ಶುರುವಾಯಿತು. ಆದರೆ ಮಗಳಿಗೆ ಇಂಗ್ಲಿಷ್ ಪದದ ರೂಪ ಗೊತ್ತೇ ಹೊರತು ದನಿ ಗೊತ್ತಿಲ್ಲ. ಅವಳು ಬಟ್ಟೆಗೆ ಕಟ್ಟುವ ಚೀಟಿಗಳ ಮೇಲೆ ಒಂದೊಂದೇ ಪದ ಬರೆದುಕೊಟ್ಟು, ಅದರ ಅರ್ಥವನ್ನು ಕೈಯಲ್ಲಿ ಹೇಳಿದಳು. ಇಸ್ತ್ರಿಯಕ್ಕ ಆ ಚೀಟಿಗಳನ್ನು ಕಿಟಕಿಯ ಕಟ್ಟಿಗೆ ಸಿಕ್ಕಿಸಿ, ಊಟದ ಬಿಡುವಿನಲ್ಲಿ ಲಾಂಡ್ರಿಯ ಗುಮಾಸ್ತೆಯಿಂದ ದನಿ ಕೇಳಿಕೊಂಡಳು. ಫ್ರಂಟ್ ಅಂದರೆ ಅಂಗಿಯ ಗುಂಡಿ ಇರುವ ಕಡೆ. ರಿಯರ್ ಅಂದರೆ ಬೆನ್ನು. ಸ್ಟೋರೇಜ್ ಅಂದರೆ ಬೀರು. ವಾರಂಟಿ ಅಂದರೆ ಬಣ್ಣ ಬಿಡುವುದಿಲ್ಲ ಎಂದು ಮಾತು ಕೊಡುವುದು. ಡೆಮೊ ಅಂದರೆ ನಾಲ್ಕು ಜನ ತೊಟ್ಟು ಬಿಟ್ಟ ಅಂಗಿ. ರಿಯಲ್, ರಿಯರ್ ಎರಡೇ ನಾಲಿಗೆಗೆ ಹೊಂದುತ್ತಿರಲಿಲ್ಲ.

"ಅಕ್ಕಾ, ನಾಲಿಗೆ ಅಂಟಿ ನಿಂತ್ರೆ ರಿಯಲ್, ನಡುಗಿದ್ರೆ ರಿಯರ್," ಎಂದಳು ಗುಮಾಸ್ತೆ.

"ನನ್ನ ನಾಲಿಗೆ ಬರೀ ನಡುಗ್ತಾ ಇದೆ ಕಣೇ," ಎಂದಳು ಇವಳು.

ಫೋನಿನ ಅಂಗಡಿಗೆ ಹೋಗಲು ರಜೆ ಕೇಳಿದರೆ ಮಾಲೀಕರು, ಹೋಟೆಲಿನ ಬಟ್ಟೆ ರಾಶಿ ಬಿದ್ದಿದೆ, ಆಮೇಲೆ ಎಂದರು. ಆ ಆಮೇಲೆ ಬಂದದ್ದು ಮಗಳು ಹೊರಡುವ ದಿನವೇ, ಅದೂ ಅರ್ಧ ದಿನ. ಐದೂವರೆಗೆ ಬಸ್ಸು. ತಾಯಿ ಮಗಳು ಚೀಲದ ಸಮೇತ ಫೋನಿನ ಅಂಗಡಿಗೆ ಕಾಲಿಟ್ಟಾಗ ಗಡಿಯಾರದಲ್ಲಿ ನಾಲ್ಕು ದಾಟಿತ್ತು.

ಮಾರಾಟಗಾರ ಮಗಳನ್ನು ನೋಡಿ ಮಾತು ಶುರು ಮಾಡಿದ. ಅವಳು ಕಿವಿ ತೋರಿಸಿದಳು. ಅವನು ತಾಯಿಯ ಕಡೆ ತಿರುಗಿ, ಒಂದು ಫೋನು ಮುಂದಿಟ್ಟು, ನೀರು ಹೊಯ್ದಂತೆ ವರ್ಣಿಸತೊಡಗಿದ. ಇಸ್ತ್ರಿಯಕ್ಕನಿಗೆ ಕಲಿತ ಪದಗಳೆಲ್ಲ ಆ ಹರಿವಿನಲ್ಲಿ ಎಲ್ಲಿ ಬಂದವು, ಎಲ್ಲಿ ಹೋದವು ತಿಳಿಯಲಿಲ್ಲ. ಕೊನೆಗೆ ಗೊತ್ತಿದ್ದ ಒಂದು ಪದ ಕಿವಿಗೆ ಬಿತ್ತು: ಐವತ್ತು ಮೆಗಾಪಿಕ್ಸೆಲ್, ರಿಯರ್.

"ರಿಯರ್ ಅಂದ್ರೆ ಬೆನ್ನು," ಎಂದಳು ಅವಳು. "ಫ್ರಂಟ್ ಎಷ್ಟು?"

ಅವನ ಮಾತು ಸಣ್ಣಗಾಯಿತು. ಫ್ರಂಟ್ ಕೂಡ ಚೆನ್ನಾಗಿಯೇ ಇದೆ ಎಂದ. ಇಷ್ಟು ಅಂತ ಹೇಳಲಿಲ್ಲ. ಹಾಗಾದರೆ ನನ್ನ ಸಿಮ್ ಹಾಕು, ನೋಡಿಯೇ ತಗೋತೀನಿ ಎಂದು ಇಸ್ತ್ರಿಯಕ್ಕ ಪಟ್ಟು ಹಿಡಿದಳು. ಡೆಮೊ ಫೋನಿಗೆ ಸಿಮ್ ಹಾಕುವ ಪದ್ಧತಿ ಇಲ್ಲ ಎಂದ ಅವನು, ಅವಳು ಜಾಗ ಬಿಟ್ಟು ಕದಲದಿದ್ದಾಗ ಗೊಣಗುತ್ತ ಹಾಕಿದ. ಮಗಳು ತನ್ನ ಫೋನು ಹಿಡಿದು ರಸ್ತೆ ದಾಟಿ, ಅಂಗಡಿಗೆ ಬೆನ್ನು ಮಾಡಿ ನಿಂತಳು.

ಕಾಲ್ ಸಿಕ್ಕಿತು. ತಾಯಿ ಫೋನನ್ನು ಕೌಂಟರಿಗೆ ಒರಗಿಸಿ, ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟಳು. ಪರದೆಯಲ್ಲಿ ಮಗಳು ಹುಬ್ಬು ಗಂಟಿಕ್ಕಿದಳು. ನಿಧಾನವಾಗಿ ಎರಡು ಬೆರಳನ್ನು ತನ್ನ ಅಂಗೈ ಮೇಲೆ ಒರಗಿಸಿದಳು. ಮಲಗಲಾ?

ಇಸ್ತ್ರಿಯಕ್ಕ ಕಾಲ್ ಕತ್ತರಿಸಿದಳು. ಫೋನನ್ನು ಬೋರಲು ಹಾಕಿದಳು.

"ಇಲ್ಲಿ ಬೆಳಕು ಕಡಿಮೆ ಅಮ್ಮಾ, ಅದಕ್ಕೆ ಹಾಗೆ," ಎಂದ ಅವನು.

"ನಮ್ಮನೇಲಿ ಇದಕ್ಕಿಂತ ಕಡಿಮೆ. ಫ್ರಂಟ್ ಚೆನ್ನಾಗಿರೋದು ತೋರಿಸಪ್ಪ."

ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದರು. ಇನ್ನೊಂದು ಫೋನು ಬಂತು. ಸಿಮ್ ತೆಗೆದು ಹಾಕುವುದರಲ್ಲಿ, ನಂಬರು ಒತ್ತುವುದರಲ್ಲಿ ಕಾಲು ಗಂಟೆ ಹೋಯಿತು. ಮತ್ತೆ ಅವಳು ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಈ ಸಲ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಆದರೆ ಮುಚ್ಚಿಕೊಂಡರೆ ಉತ್ತರ ಕಾಣುವುದಿಲ್ಲವಲ್ಲ. ಮಗಳು ತಟ್ಟನೆ ತನ್ನ ಮಣಿಕಟ್ಟು ಮುಟ್ಟಿದಳು. ಆಮೇಲೆ, ಆಗಲೇ ಹೋಗಿ ಹೊಟ್ಟೆ ಕೊಯ್ಸಿಕೊಂಡು ಬಂದಿದ್ದೀನಲ್ಲ ಎಂದು ಕಿಚಾಯಿಸಿದಳು. ಪ್ರತಿ ಬೆರಳೂ ಇಸ್ತ್ರಿ ಮಾಡಿದ ಮಡಿಕೆಯಂತೆ ಕಾಣುತ್ತಿದೆ ಎಂದೂ ಹೇಳಿದಳು.

ಐದು ಗಂಟೆ. ಮಾರಾಟಗಾರ ಒಳಗಿನಿಂದ ಪೆಟ್ಟಿಗೆ ತಂದಿಟ್ಟು ಬಿಲ್ ಮಾಡಲು ಕುಳಿತ. ಹೊರಗೆ ಮಗಳು ಚೀಲ ಹೆಗಲಿಗೇರಿಸಿ, ಬಾ ಬಾ ಎನ್ನುತ್ತಿದ್ದಳು. ಆದರೂ ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಓದಲು ಬಾರದಿದ್ದರೇನು, ಗುರುತು ಹೋಲಿಸಿ ಒಬ್ಬರ ಅಂಗಿ ಇನ್ನೊಬ್ಬರ ಗಂಟಿಗೆ ಹೋಗದಂತೆ ನೋಡುವುದು ಅವಳ ದಿನದ ಕೆಲಸ. ಡೆಮೊ ಫೋನಿನ ಪಕ್ಕದ ಹೆಸರಿನ ಹಲಗೆಯನ್ನು, ಪೆಟ್ಟಿಗೆಯನ್ನು ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ ನೋಡಿದಳು.

"ಇದರಲ್ಲಿ ಕೊನೇ ಅಕ್ಷರ ಇಲ್ಲ."

"ಎಲ್ಲಾ ಒಂದೇ ಅಮ್ಮಾ."

"ಒಂದೇ ಆಗಿದ್ರೆ ಅಕ್ಷರ ಯಾಕಪ್ಪ ಬೇರೆ?"

ಅವನು ಪೆಟ್ಟಿಗೆ ತಿರುಗಿಸಿದ. ಮುಖ ಸ್ವಲ್ಪ ಕೆಂಪಾಯಿತು. ಪಕ್ಕದ ಖಾನೆಯದನ್ನು ತಂದುಬಿಟ್ಟೆ, ಅದರ ಫ್ರಂಟ್ ಬರೀ ಎಂಟು ಎಂದು ಒಪ್ಪಿಕೊಂಡ. ಮರೆತನೋ, ಮರೆಸಿದನೋ, ಅವಳು ಕೇಳಲು ಹೋಗಲಿಲ್ಲ. ಸರಿಯಾದದ್ದು ಬಂತು. ಸೀಲ್ ಒಡೆಸಿ, ಹೊಸ ಫೋನಿನಲ್ಲೂ ಮಗಳಿಗೆ ಕೈಬೀಸಿ ನೋಡಿದ ಮೇಲೆಯೇ ಅವಳು ಸೆರಗಿನ ಗಂಟು ಬಿಚ್ಚಿದ್ದು.

ಬಸ್ ನಿಲ್ದಾಣಕ್ಕೆ ಇಬ್ಬರೂ ಓಡಿದರು. ಬಸ್ಸು ಹಿಮ್ಮುಖವಾಗಿ ಸರಿಯುತ್ತಿತ್ತು. ಕಂಡಕ್ಟರ್ ಕೈಚಾಚಿ ಮಗಳನ್ನು ಎಳೆದುಕೊಂಡ. ಹೋಗಿ ಬಾ ಎನ್ನುವುದಕ್ಕೂ ಬಿಡುವಾಗಲಿಲ್ಲ.

ಮಾರನೆಯ ಸಂಜೆ ಕಾಲ್ ಬಂತು. ಆ ಕಾರ್ಖಾನೆ ಸಾಕು, ಇಲ್ಲೇ ಏನಾದರೂ ನೋಡಿಕೋ ಎಂದಳು ತಾಯಿ. ಬಿಡುವುದಿಲ್ಲ, ಮುಂದಿನ ತಿಂಗಳು ಬಡ್ತಿ ಇದೆ ಎಂದಳು ಮಗಳು. ಹೊಟ್ಟೆ ಕೊಯ್ಸಿಕೊಂಡದ್ದು ಮರೆತೆಯಾ ಎಂದಳು ಇವಳು. ಅದಕ್ಕೂ ಕಾರ್ಖಾನೆಗೂ ಏನು ಸಂಬಂಧ ಎಂದಳು ಅವಳು. ಅರ್ಧ ಗಂಟೆ ನಾಲ್ಕು ಕೈಗಳೂ ಬಿಡುವಿಲ್ಲದೆ ಹಾರಾಡಿದವು. ಒಂದು ಮಾತೂ ಅಡ್ಡದಾರಿ ಹಿಡಿಯಲಿಲ್ಲ. ಬೈದದ್ದು ಬೈದ ಹಾಗೆಯೇ ತಲುಪಿತು. ಕೊನೆಗೆ ಮಗಳು ಮೂಗು ಮುರಿದು ಕಾಲ್ ಕತ್ತರಿಸಿದಳು.

ಎಂಥ ಹಟಮಾರಿ ಎಂದು ಗೊಣಗುತ್ತ ಇಸ್ತ್ರಿಯಕ್ಕ ತಟ್ಟೆ ಹಾಕಿಕೊಂಡು ಊಟಕ್ಕೆ ಕುಳಿತಳು. ತಿಂಗಳಿಂದ ಎರಡು ತುತ್ತಿಗೇ ಸಾಕೆನಿಸುತ್ತಿದ್ದ ಅನ್ನವನ್ನು ಅಂದು ಎರಡು ಸಲ ಬಡಿಸಿಕೊಂಡಳು.