ಅವ್ವ ಓದಿ ಮುಗಿಸೋ ಹೊತ್ತಿಗೆ

ನನ್ನ ಕೆಲಸದ ಬಗ್ಗೆ ನನಗೆ ಜಂಬ ಸ್ವಲ್ಪ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ರೈಲ್ವೆ ಸ್ಟೇಷನ್ನುಗಳಲ್ಲಿ ಯಾವ ಗಾಡಿ, ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರಂಗೆ ಅಂತ ತೋರಿಸುವ ಲೈಟಿನ ಬೋರ್ಡು ಕೂರಿಸುವವನು ನಾನು. ಕಂಟ್ರಾಕ್ಟಿನ ಕೆಲಸವೇ ಇರಬಹುದು. ಆದರೆ ನಾನು ಕೂರಿಸಿದ ಬೋರ್ಡು ಕೆಟ್ಟು ನಿಂತಿದ್ದನ್ನು ಪಾಂಡವಪುರದ ಆಚೀಚೆ ಯಾರೂ ನೋಡಿಲ್ಲ.

ನಮ್ಮೂರು ತೊಣ್ಣೂರಿನ ಮಗ್ಗುಲಲ್ಲಿದೆ. ನಾವು ದಿನಾ ಗಾಡಿ ಹತ್ತುವ ಸ್ಟೇಷನ್ನಿಗೇ ಬೋರ್ಡು ಹಾಕುವ ಕೆಲಸ ಬಂದಾಗ ಮನೆಯಲ್ಲಿ ಮೂರು ದಿನ ಅದೇ ಪುರಾಣ. ನನಗಿಂತ ಅವ್ವನಿಗೇ ಖುಷಿ. ಅವಳು ಅರವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಓದು ಕಲಿತವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಹೇಳದಿದ್ದರೆ ಅವಳಿಗೆ ಓದಿದ ಹಾಗೇ ಅಲ್ಲ. ಬಸ್ಸಿನ ಬೋರ್ಡು, ಸೋಪಿನ ಕವರು, ಗೊಬ್ಬರದ ಚೀಲ, ಯಾವುದನ್ನೂ ಬಿಡುತ್ತಿರಲಿಲ್ಲ.

"ಇನ್ಮೇಲೆ ಯಾರ್ನೂ ಕೇಳ್ಬೇಡ ಕಣವ್ವ, ಬೋರ್ಡು ನೋಡ್ಕೊಂಡು ಹತ್ತು" ಅಂತ ಎದೆ ಉಬ್ಬಿಸಿ ಹೇಳಿದವನು ನಾನೇ.

ಮೈಸೂರಿನಲ್ಲಿರುವ ತಂಗಿಗೆ ಹೆರಿಗೆಯಾಯಿತು. ಅವ್ವ ಬಾಣಂತಿಗೆ ಅಂತ ಮೆಂತ್ಯದ ಹಿಟ್ಟು, ಹರಳೆಣ್ಣೆ ಕಟ್ಟಿಕೊಂಡು ಒಬ್ಬಳೇ ಹೊರಟಳು. ಮೈಸೂರಿನ ಗಾಡಿ ಬರುವುದು ಒಂದನೇ ಪ್ಲಾಟ್‌ಫಾರಂಗೆ. ಅವತ್ತು ಎರಡಕ್ಕೆ ಹಾಕಿದ್ದರು. ಸೊಪ್ಪು ಮಾರಲು ಹೋಗುವ ಹೆಂಗಸರು ಬೋರ್ಡಿನ ಕಡೆ ಕತ್ತೂ ಎತ್ತುವವರಲ್ಲ. ಯಾರನ್ನೋ ಕೇಳಿಕೊಂಡು, ಗಂಟು ಹೊತ್ತು ಮೇಲ್ಸೇತುವೆ ಹತ್ತಿದರು. "ಬಾರಕ್ಕ, ಆ ಕಡಿಕಂತೆ" ಅಂತ ಕರೆದರಂತೆ. "ಬೋರ್ಡು ಯೋಳ್ಲಿ, ಬತ್ತೀನಿ. ನನ್ ಮಗ್ನೇ ಕೂರ್ಸಿರೋದು" ಅಂದಳಂತೆ ನಮ್ಮವ್ವ.

ಗಾಡಿ ಆ ಕಡೆ ಬಂತು, ಹೋಯಿತು. ಅವ್ವ ಗಂಟು ಸಮೇತ ಮನೆಗೆ ವಾಪಸ್ಸು ಬಂದಳು.

"ಅಕ್ಸರ ಓಡೋಯ್ತವೆ ಕಣ್ಲಾ. ಗಾಡಿ ಎಸ್ರು ಓದಿ ಟೈಮಿಗೆ ಬರೋಷ್ಟ್ರಲ್ಲಿ ಇಂಗ್ಲಿಷ್ ಬಂದ್ಬುಡ್ತು. ಆಮ್ಯಾಕೆ ಇಂದಿ. ತಿರ್ಗಾ ಮೊದ್ಲಿಂದ ಓದ್ಬೇಕು."

ನನಗೆ ರೇಗಿತು. "ಯಾರ್ನಾದ್ರೂ ಕೇಳೋಕೆ ಏನಾಗಿತ್ತು ನಿಂಗೆ?"

"ಕೇಳ್ಬೇಡ ಅಂದೋನು ನೀನೇ ಅಲ್ವೇನ್ಲಾ?"

ಅವ್ವ ಕನ್ನಡಕ ತೆಗೆದು, ಕಾಪಿ ಪುಸ್ತಕದ ಜೊತೆ ಗೋಡೆಯ ಗೂಡಿನಲ್ಲಿಟ್ಟು, "ಓದಿದ್ದು ಸಾಕ್ ಬುಡು" ಅಂದಳು. ಮಾರನೇ ದಿನ ಬಸ್ಸು ಹತ್ತಿಸಲು ಹೋದೆ. ಬಸ್ಸಿನ ಹಣೆ ಮೇಲೆ ಮೈಸೂರು ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವಳು ತಲೆ ಎತ್ತಲೇ ಇಲ್ಲ. ಕಂಡಕ್ಟರನ್ನು ಕೇಳಿ ಹತ್ತಿದಳು.

ನಾನು ಸುಮ್ಮನಿರುವ ಆಸಾಮಿಯಲ್ಲ. ಸೀದಾ ನಮ್ಮ ಇಂಜಿನಿಯರ್ ಸಾಹೇಬರ ಹತ್ತಿರ ಹೋಗಿ, ಬೋರ್ಡು ನಿಧಾನ ಮಾಡೋಣ ಅಂದೆ. "ಎಲ್ಲಾ ಕಡೆ ಇದೇ ಸ್ಪೀಡು ಕಣ್ರೀ. ಓದು ಬಂದೋರಿಗೆ ಧಾರಾಳ ಸಾಕು" ಅಂದರು.

"ಓದು ಈಗಷ್ಟೇ ಬಂದೋರಿಗೆ, ಸರ್?"

ಗೋಡೌನಿನಲ್ಲಿ ಟೆಸ್ಟಿಗೆ ಇಟ್ಟಿದ್ದ ಬೋರ್ಡು ಹಾಕಿ, ಅವರನ್ನೇ ಮುಂದೆ ನಿಲ್ಲಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಬೇಕು ಅಂತ ಷರತ್ತು. "ಮೈ... ಸೂ... ರು..." ಅಂತ ಶುರು ಮಾಡಿದರು. ಮೂರು ಸಲ ಮೊದಲಿಂದ ಓದಿದರೂ ಪ್ಲಾಟ್‌ಫಾರಂ ನಂಬರು ಮುಟ್ಟಲು ಆಗಲಿಲ್ಲ. ಮೊದಲು ಮುಖ ಗಂಟಿಕ್ಕಿಕೊಂಡರು, ಆಮೇಲೆ ನಕ್ಕರು. ಮೇಲಿನವರಿಗೆ ಬರೆದು ಒಪ್ಪಿಗೆ ತರಿಸಿಕೊಟ್ಟರು, ಪುಣ್ಯಾತ್ಮರು. ಅಕ್ಷರ ಹರಿಯುವುದನ್ನು ನಿಲ್ಲಿಸಿದೆ. ಪ್ಲಾಟ್‌ಫಾರಂ ನಂಬರನ್ನು ದಪ್ಪ ಮಾಡಿ ಮೊದಲಿಗೇ ತಂದೆ. ಕನ್ನಡದ ಸಾಲು ಅವ್ವ ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು, ಅದೇ ನನ್ನ ಲೆಕ್ಕ.

ಅವ್ವ ಬಾಣಂತನ ಮುಗಿಸಿ ಊರಿಗೆ ಬಂದ ಮೇಲೆ ತಂಗಿಯ ಮಗುವಿನ ನಾಮಕರಣ ಬಂತು. "ಬಸ್ಸಿಗೇ ಓಗವ" ಅಂತ ಅವ್ವ ಹಟ ಹಿಡಿದಳು. ನಾನೂ ಅವಳ ಮಗನೇ ತಾನೆ, ಸ್ಟೇಷನ್ನಿಗೇ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂರಿಸಿ, ಕನ್ನಡಕ ಅವಳ ಕೈಗಿಟ್ಟು, ಟಿಕೆಟ್ ತರುತ್ತೇನೆ ಅಂತ ಹೋಗಿ ಕಂಬದ ಹಿಂದೆ ನಿಂತೆ.

ಅವ್ವ ಬಹಳ ಹೊತ್ತು ನೆಲ ನೋಡಿದಳು. ಕೊನೆಗೆ ಕನ್ನಡಕ ಹಾಕಿಕೊಂಡು ಎದ್ದು, ಬೋರ್ಡಿನ ಕೆಳಗೆ ಹೋದಳು. ತುಟಿ ಅಲ್ಲಾಡಿತು. ಬೋರ್ಡು ನಿಂತೇ ಇತ್ತು. ಮುಗಿಸಿದಳು. ನಂಬಿಕೆ ಬರಲಿಲ್ಲವೇನೋ, ಇಂಗ್ಲಿಷು ಹಿಂದಿ ದಾಟುವವರೆಗೂ ಕಾದು, ಇನ್ನೊಂದು ಸಲ ಓದಿದಳು.

ಅವತ್ತೂ ಮೈಸೂರಿನ ಗಾಡಿ ಎರಡನೇ ಪ್ಲಾಟ್‌ಫಾರಂಗೇ ಇತ್ತು. ಸೊಪ್ಪಿನ ಹೆಂಗಸರು ರೂಢಿಯಂತೆ ಒಂದನೇ ಪ್ಲಾಟ್‌ಫಾರಂನಲ್ಲಿ ಗಂಟು ಇಳಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

"ಏಳ್ರವ್ವ, ಆ ಕಡಿಕೆ ಬತ್ತದೆ ಗಾಡಿ" ಅಂದಳು ಅವ್ವ.

"ಯಾರಕ್ಕ ಯೋಳಿದ್ದು?"

"ಯಾರೂ ಯೋಳ್ನಿಲ್ಲ" ಅಂದಳು. "ನಾನೇ ಓದ್ದೆ."

ಅವರೆಲ್ಲ ಗಂಟು ಎತ್ತಿಕೊಂಡು ಅವಳ ಹಿಂದೆ ಮೇಲ್ಸೇತುವೆ ಹತ್ತಿದರು.